ಚಾಚಿದ ಕೈ

"ಕೈ ಅಲ್ಲಾಡಿಸ್ಬೇಡ್ವೇ, ಮುಂಡೆ. ನಿಂಗೆ ಕೂಲಿ ಕೊಡೋದು ಕೆರ್ಕೊಳ್ಳೋಕಲ್ಲ," ಎಂದು ಮೇಸ್ತ್ರಿ ಗದರಿದ.

ಗಾರೆ ಕಲಸುತ್ತಿದ್ದವಳನ್ನು ಕರೆದು ಬಿಸಿಲಿನಲ್ಲಿ ಮಂಡಿಯೂರಿಸಿ ಕೂರಿಸಿದ್ದರು. ಎದುರಿಗೆ ಶಿಲ್ಪಿ ಜೇಡಿಮಣ್ಣಿನಲ್ಲಿ ಅವಳನ್ನೇ ತಿದ್ದುತ್ತಿದ್ದ. ಕಣಿವೆಗೆ ಬಂದು ನೆಲೆಸಿದ ತನ್ನ ಹಿರಿಯರ ನೆನಪಿಗೆ ಧಣಿ ರಸ್ತೆ ಪಕ್ಕದಲ್ಲಿ ಕಟ್ಟಿಸುತ್ತಿದ್ದ ಸ್ಮಾರಕ ಅದು.

"ಗಡಿಗೆಯಿಂದ ಕಾಳು ಮೊಗೆದು ಕೊಡೋ ಹಾಗೆ ಕೈ ಚಾಚಮ್ಮ," ಎಂದಿದ್ದ ಶಿಲ್ಪಿ.

ಆ ಮಾತಿಗೆ ಅವಳು ಮಂಡಿಯ ಉರಿ ಮರೆತಳು. ಧಣಿಯ ಮುತ್ತಾತ ಹೆಂಡತಿ ಮಕ್ಕಳೊಂದಿಗೆ ಹಸಿದು ಬಂದಾಗ ಬಿತ್ತನೆಗೆ ಕಾಳು ಕೊಟ್ಟವಳು ಅವಳ ಅತ್ತೆಯ ಅಜ್ಜಿ. ನೆಲ ಆಗ ಅತ್ತೆಯ ಮನೆಯವರದೇ ಆಗಿತ್ತು.

"ಅತ್ತೆ, ನಿಮ್ಮಜ್ಜಿ ಕೈಗೆ ನನ್ನ ಕೈ ತಗೊಂಡಿದಾರೆ," ಎಂದು ಸಂಜೆ ಹೇಳಿದಳು. ಕಣ್ಣು ಹೋಗಿದ್ದ ಅತ್ತೆ ಕೋಲೂರಿಕೊಂಡು ಹೋಗಿ ಕೇರಿಗೆಲ್ಲ ಸುದ್ದಿ ಹೇಳಿ ಬಂದಳು.

ಉದ್ಘಾಟನೆಯ ದಿನ ಧಣಿ ಬಟ್ಟೆ ಎಳೆದ. ಗಡಿಗೆ ಎಲ್ಲೂ ಇರಲಿಲ್ಲ. ಸಿಮೆಂಟಿನ ಮುತ್ತಾತ ಹೆಗಲ ಮೇಲೆ ಮೂಟೆ ಹೊತ್ತು ನಿಂತಿದ್ದ. ಅವನ ಕಾಲ ಬುಡದಲ್ಲಿ ಅವಳು. ಅವನ ಮುಷ್ಟಿಯಿಂದ ಕಾಳು ಅವಳ ಅಂಗೈಗೆ ಬೀಳುತ್ತಿತ್ತು. 'ಹಸಿದವರಿಗೆ ಅನ್ನವಿಟ್ಟ ಹಿರಿಯರಿಗೆ' ಎಂದು ಕೆಳಗೆ ಕೆತ್ತಿತ್ತು.

ಶಿಲ್ಪಿ ಅವಳತ್ತ ನೋಡಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಸ್ತ್ರಿ ಅವಳತ್ತ ಕಣ್ಣು ಕೆಕ್ಕರಿಸಿದ. ಅವಳೂ ತಟ್ಟಿದಳು.

"ಹೇಗಿದಾಳೆ ನಮ್ಮಜ್ಜಿ?" ಎಂದು ಅತ್ತೆ ಕೇಳಿದಳು.

"ಚೆನ್ನಾಗಿದಾಳೆ."

ಅಂದಿನಿಂದ ಅವಳು ರಸ್ತೆ ಬಿಟ್ಟು, ಮುಳ್ಳು ತುಳಿದುಕೊಂಡು ಕಾಲುವೆಯ ಏರಿಯ ಮೇಲೆ ಕೆಲಸಕ್ಕೆ ಹೋಗತೊಡಗಿದಳು. ಕರೆದುಕೊಂಡು ಹೋಗು ಎಂದು ಅತ್ತೆ ಗೋಗರೆದಾಗಲೆಲ್ಲ ಏನೋ ನೆಪ ಹೇಳಿದಳು. ಕೊನೆಗೆ ಪಕ್ಕದ ಮನೆಯವಳು ಮುದುಕಿಯನ್ನು ನಡೆಸಿಕೊಂಡು ಹೋದಳು. ಅತ್ತೆ ವಿಗ್ರಹವನ್ನು ತಡವಿದಳು. ಇಟ್ಟಿಗೆ ಬಿದ್ದು ಸೊಟ್ಟಗಾದ ಸೊಸೆಯ ಕಿರುಬೆರಳು ಸಿಕ್ಕಿತು. ಮುದುಕಿಯ ಕೈ ಇನ್ನೂ ಮೇಲೆ ಹೋದಾಗ ಕಾಳು ಸುರಿಸುವ ಗಂಡಸಿನ ಮುಷ್ಟಿ ಸಿಕ್ಕಿತು.

ರಾತ್ರಿ ಸೊಸೆ ತಟ್ಟೆ ತಂದಿಟ್ಟಳು.

"ನೀನೂ ಚಪ್ಪಾಳೆ ತಟ್ಟಿದ್ಯಂತೆ."

"ಹೂಂ, ಅತ್ತೆ."

ಮುದುಕಿ ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿದಳು. "ಬೇಡ ಕಣವ್ವ. ಆ ಕೈಯಿಂದ ಬೇಡ."

ಮರುದಿನ ಕೆಲಸದ ಮಧ್ಯೆ ಅವಳು ಸುತ್ತಿಗೆ ಎತ್ತಿಕೊಂಡು ರಸ್ತೆಗೆ ಹೊರಟಳು. ಬಸ್ಸಿಗೆ ಕಾದಿದ್ದವರ ಎದುರಿಗೇ ಸಿಮೆಂಟಿನ ಮಣಿಕಟ್ಟಿಗೆ ಹೊಡೆದಳು. ಮತ್ತೆ ಮತ್ತೆ ಹೊಡೆದಳು. ಕೈ ಕಳಚಿ ಬಿತ್ತು. ಅದನ್ನು ಸೆರಗಿನಲ್ಲಿ ಕಟ್ಟಿಕೊಂಡಳು.

ಮೇಸ್ತ್ರಿ ಓಡಿ ಬಂದ. "ಧಣಿ ಮುತ್ತಾತನ್ನೇ ಒಡೀತೀಯೇನೇ, ಬೋಸುಡಿ?"

"ಅವನನ್ನ ಮುಟ್ಟಿಲ್ಲ. ನನ್ನ ಕೈ ನಾನು ತಗೊಂಡೆ."

ಅವನು ಅವಳ ತೋಳನ್ನು ಬೆನ್ನಿಗೆ ತಿರುಚಿದ. ಇನ್ನೊಂದು ಕೈಯಲ್ಲಿ ಹಿಡಿದಿದ್ದ ಸೆರಗಿನ ಗಂಟನ್ನು ಅವಳು ಬಿಡಲಿಲ್ಲ. ಬಸ್ಸು ಬಂತು. ಕಾದಿದ್ದವರು ಒಬ್ಬೊಬ್ಬರಾಗಿ ಹತ್ತಿ, ಕಿಟಕಿ ಪಕ್ಕ ಕೂತು ನೋಡಿದರು. ಮುತ್ತಾತನ ಮುಷ್ಟಿಯ ಕೆಳಗೆ, ಮುರಿದ ಮಣಿಕಟ್ಟಿನಿಂದ ಎರಡು ಕಬ್ಬಿಣದ ಕಂಬಿಗಳು ಚಾಚಿಕೊಂಡಿದ್ದವು.