ತಲೆ ಬೋಳಿಸಿದ ಮರ

ಕೊಂಬೆ ಕಿತ್ತು ಬಂದ ಜಾಗ ಮರದ ಮೇಲೆ ಬೆಳ್ಳಗೆ ಕಾಣುತ್ತಿತ್ತು. ಬೆಳಗ್ಗೆ ಎದ್ದರೆ ಕಿಟಕಿಯಲ್ಲಿ ಮೊದಲು ಅದೇ. ಅದರ ಕೆಳಗೆ, ಗಾಳಿಯೇ ಇಲ್ಲದ ಒಂದು ಮಧ್ಯಾಹ್ನ, ನನ್ನ ಗಂಡ ಸೈಕಲ್ಲಿನಿಂದ ಇಳಿದು ಗೇಟು ತೆಗೆಯುತ್ತಿದ್ದರು. ಕೊಂಬೆ ಬಿದ್ದದ್ದು ಅವರ ಮೇಲೆಯೇ.

ಅವರು ತೀರಿಕೊಂಡ ಮೂರನೆಯ ತಿಂಗಳಲ್ಲಿ ಪುರಸಭೆಯವರು ಆ ಮಳೆಮರವನ್ನು ಬುಡಸಮೇತ ಕಡಿಯಲು ಒಪ್ಪಿಗೆಯ ಕಾಗದ ತಂದರು. ಬೀದಿಯವರೆಲ್ಲ ಸಹಿ ಹಾಕಿದ್ದರು, ಅತ್ತೆ ಎಲ್ಲರಿಗಿಂತ ಮೊದಲು. ನಾನು ಹಾಕಲಿಲ್ಲ. ಹಾಗಾದರೆ ಎಂಟು ದಿನದಲ್ಲಿ ಅಪಾಯ ತಪ್ಪಿಸಿ, ಇಲ್ಲವಾದರೆ ಕಡಿಯುತ್ತೇವೆ ಎಂದು ಹೇಳಿ ಹೋದರು. ದುಃಖಕ್ಕೆ ಇವಳ ತಲೆ ಕೆಟ್ಟಿದೆ ಎಂದಿತು ಬೀದಿ. ನಾನು ಸಸ್ಯಶಾಸ್ತ್ರ ಓದಿದವಳು.

ಮರ ಹತ್ತುವ ಪುಟ್ಟಮಾದಯ್ಯನನ್ನು ಕರೆಸಿದೆ. ಭಾರದ ಕೊಂಬೆಗಳನ್ನು ಮಾತ್ರ ತೆಗೆಯಬೇಕು, ಕೊಂಬೆ ಕಾಂಡದಿಂದ ಹೊರಡುವಲ್ಲಿ ಉಬ್ಬಿರುವ ಉಂಗುರಕ್ಕೆ ಗರಗಸ ತಾಗಬಾರದು ಎಂದೆ. ಉಂಗುರ ಉಳಿದರೆ ಗಾಯವನ್ನು ಮರವೇ ಮುಚ್ಚಿಕೊಳ್ಳುತ್ತದೆ. ಅವನು ಮೇಲೇರಿ, ಆ ಬಿಳಿಯ ಗಾಯದ ಬಳಿ ತುಂಬ ಹೊತ್ತು ಕೂತ.

"ಮರದ್ದು ತಪ್ಪಿಲ್ಲ ಕಣವ್ವ. ಯಾರೋ ಇದರ ತಲೆ ಬೋಳಿಸವ್ರೆ. ಮೋಟಿನ ಮ್ಯಾಲೆ ಚಿಗುರಿದ್ದು ಎಷ್ಟು ದಪ್ಪ ಆದ್ರೂ ಅಂಟಿಸಿದಂಗೇ ಇರ್ತದೆ."

ಅಂಗಳದಲ್ಲಿ ಅತ್ತೆ ಇದ್ದರು. ಏಳು ವರ್ಷದ ಹಿಂದೆ, ನಾನು ಮದುವೆಯಾಗಿ ಬಂದ ಬೇಸಿಗೆಯಲ್ಲಿ, ತಾರಸಿಯ ಸಂಡಿಗೆಗೆ ಬಿಸಿಲು ಬೀಳುವುದಿಲ್ಲವೆಂದು ಮಗನಿಂದ ಪುರಸಭೆಗೆ ಅರ್ಜಿ ಬರೆಸಿದ್ದವರು ಅವರೇ. ಒಂದೇ ದಿನದಲ್ಲಿ ಮರದ ನೆತ್ತಿ ಸಪಾಟಾಗಿತ್ತು.

"ಹಿಂಗಾಗುತ್ತೆ ಅಂತ ನಂಗೆ ಆಗಲೇ ಗೊತ್ತಿತ್ತು," ಎಂದೆ ಹೊಸ್ತಿಲೊಳಗಿನಿಂದಲೇ, ಕಾಂಪೌಂಡಿನಾಚೆ ನಿಂತವರಿಗೂ ಕೇಳುವಂತೆ. "ಹೊಸ ಸೊಸೆ ಅಂತ ಬಾಯಿ ಮುಚ್ಕೊಂಡಿದ್ದೆ. ಇನ್ನು ಮುಚ್ಕೊಳಲ್ಲ. ಇದನ್ನ ಕಡಿಯೋಕೆ ಬಿಡಲ್ಲ."

ಅತ್ತೆ ಒಳಗೆ ಹೋದರು.

ಕೊಂಬೆ ಇಳಿಸಲು ಕೆಳಗೆ ಹಗ್ಗ ಹಿಡಿಯುವವರು ಬೇಕಿತ್ತು. ಬೀದಿಯ ಒಬ್ಬ ಗಂಡಸೂ ಬರಲಿಲ್ಲ. ಗಂಡ ತೀರಿಕೊಂಡ ಮೇಲೆ ಒಂದು ವರ್ಷ ಹೊಸ್ತಿಲು ದಾಟಬಾರದೆಂದು ಎದುರುಮನೆಯಾಕೆ ನೆನಪಿಸಿದಳು. ದಾಟಿದೆ. ಪುಟ್ಟಮಾದಯ್ಯ ಹೇಳಿದಂತೆ ಹಗ್ಗವನ್ನು ಕಾಂಡಕ್ಕೆ ಎರಡು ಸುತ್ತು ಸುತ್ತಿ ತುದಿ ಹಿಡಿದೆ. ಗರಗಸ ನಿಂತಾಗ ಭಾರ ಒಮ್ಮೆಲೇ ಬಂತು. ಅಂಗೈ ಉರಿಯಿತು, ಕಾಲು ಜಾರಿತು.

ಹಿಂದಿನಿಂದ ಯಾರೋ ಹಗ್ಗವನ್ನು ಬಿಗಿಯಾಗಿ ಹಿಡಿದರು.

"ಬಿಸಿಲು ಬೇಕು ಅಂದಿದ್ದು ನಾನಲ್ವೇನೇ," ಎಂದರು ಅತ್ತೆ, ನನ್ನ ಬೆನ್ನಿಗೆ.

ನಾನು ತಿರುಗಲಿಲ್ಲ. "ಬಿಡಬೇಡಿ ಅತ್ತೆ. ಸ್ವಲ್ಪ ಸ್ವಲ್ಪವೇ ಸಡಿಲ ಮಾಡಿ."

ಕೊಂಬೆ ತೂಗುತ್ತ ಇಳಿಯಿತು. ಎಲೆಗಳು ಮೊದಲು ನೆಲ ಮುಟ್ಟಿದವು, ಸದ್ದಿಲ್ಲದೆ.