ಸೋಮವಾರದ ಟೇಬಲ್ಲು

ದೇವದುರ್ಗದಲ್ಲಿ ಬೀಜ, ಗೊಬ್ಬರ, ಔಷಧಿ ಅಂಗಡಿ ಇಟ್ಟಿದ್ದ ಚನ್ನವೀರನಷ್ಟು ಉಣ್ಣುವವನು ಆ ತಾಲೂಕಿನಲ್ಲಿ ಇನ್ನೊಬ್ಬ ಇರಲಿಲ್ಲ. ಇದು ಹೊಗಳಿಕೆಯಲ್ಲ, ದೂರೂ ಅಲ್ಲ, ಇದ್ದ ಮಾತು. ಮದುವೆಮನೆಯಲ್ಲಿ ಅವನು ಕೂತ ಪಂಕ್ತಿಗೆ ಬಂದ ಬಡಿಸುವವರು ಹೋಳಿಗೆ ಬುಟ್ಟಿಯನ್ನು ಅವನ ಮುಂದೆಯೇ ಇಟ್ಟು ಮುಂದೆ ಹೋಗುತ್ತಿದ್ದರು. ಮನೆಯಲ್ಲಿ ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆನೆಮೊಸರು. ಉಂಡಾದ ಮೇಲೆ ಗಂಗಾಳದಲ್ಲೇ ಕೈ ತೊಳೆದು, "ನಂದಾತು" ಅನ್ನುತ್ತಿದ್ದ. ಆ ನೀರಿನ ಸದ್ದು ಕೇಳಿದ ಮೇಲೇ ಹೆಂಡತಿ ನಾಗರತ್ನಾ ತನಗೆ ಹಾಕಿಕೊಳ್ಳುವುದು. ಯಾರೂ ಕಲಿಸಿದ್ದಲ್ಲ. ಅವಳ ಅವ್ವ ಹಾಗೆ ಮಾಡುತ್ತಿದ್ದಳು, ಅತ್ತೆ ಹಾಗೆ ಮಾಡುತ್ತಿದ್ದಳು, ಇವಳೂ ಮಾಡಿದಳು. ಮಕ್ಕಳಾಗಲಿಲ್ಲ. ಮನೆಯಲ್ಲಿ ಉಣ್ಣುವವರು ಇಬ್ಬರೇ, ಅದೂ ಒಬ್ಬರ ಹಿಂದೆ ಒಬ್ಬರು.

ಅಂಥವನ ನಾಲಿಗೆಗೇ ರೋಗ ಬಂತು. ದೇವರು ನೋಡಿ ನೋಡಿ ಅಲ್ಲೇ ಹೊಡೆದ ಅಂತ ಊರಿನವರು ಅಂದರು. ದೇವರನ್ನು ಯಾಕೆ ನಡುವೆ ಎಳೆಯಬೇಕು? ಬೆಳಗಾದರೆ ದವಡೆಯಲ್ಲಿ ಗುಟ್ಕಾ ಇಟ್ಟುಕೊಂಡೇ ಅಂಗಡಿ ಬಾಗಿಲು ತೆರೆಯುತ್ತಿದ್ದವನು ಅವನು. ಹೈದರಾಬಾದಿಗೆ ಕರೆದುಕೊಂಡು ಹೋದರು. ಅರ್ಧಕ್ಕಿಂತ ಹೆಚ್ಚು ನಾಲಿಗೆ ತೆಗೆದರು. ಆಮೇಲೆ ಗಂಟಲಿನಲ್ಲಿ ಏನೂ ಇಳಿಯಲಿಲ್ಲ. ಹೊಟ್ಟೆಗೆ ಒಂದು ನಳಿಗೆ ಕೂಡಿಸಿ ಕಳಿಸಿದರು. ಗಂಜಿ, ಬೇಳೆಕಟ್ಟು, ಹಾಲು, ಎಲ್ಲ ಸೋಸಿ ಸಿರಿಂಜಿನಲ್ಲಿ ತುಂಬಿ ಆ ನಳಿಗೆಯಲ್ಲಿ ಬಿಡಬೇಕು. ಮಾತು ಉಳಿಯಿತು, ಆದರೆ ಹೆಂಡತಿಯೊಬ್ಬಳನ್ನು ಬಿಟ್ಟು ಯಾರಿಗೂ ತಿಳಿಯದ ಮಾತು. ಅಂಗಡಿ ನೋಡಿಕೊಳ್ಳುವ ತಾಯಣ್ಣ ವರ್ಷಗಟ್ಟಲೆ ಜೊತೆಗಿದ್ದವನು, ಅವನಿಗೂ ಅವಳೇ ಬಿಡಿಸಿ ಹೇಳಬೇಕು.

ಆಸ್ಪತ್ರೆಯಿಂದ ಬಂದ ಮೊದಲ ದಿನಗಳಲ್ಲಿ ನಾಗರತ್ನಾ ಉಂಡಳೋ ಬಿಟ್ಟಳೋ ಯಾರೂ ನೋಡಲಿಲ್ಲ. ಗಂಡ ಕೈ ತೊಳೆಯದೆ ಅವಳು ಉಣ್ಣುವುದು ಹೇಗೆ? ಅವನು ಉಣ್ಣುವುದೇ ಇಲ್ಲವಲ್ಲ. ರೊಟ್ಟಿ ಮುರಿದು ನಿಂತಲ್ಲೇ ಬಾಯಿಗೆ ಹಾಕಿಕೊಂಡು ಗೋಡೆ ಕಡೆ ಮುಖ ಮಾಡಿ ನುಂಗುತ್ತಿದ್ದಳು. ಇದು ಚನ್ನವೀರನಿಗೆ ಗೊತ್ತಾಯಿತು. ಒಂದು ಮಧ್ಯಾಹ್ನ ಎದ್ದು ಬಂದ. ಖಾಲಿ ಗಂಗಾಳ ತೆಗೆದುಕೊಂಡು ತನ್ನ ಜಾಗದಲ್ಲಿ ಕೂತ, ತಂಬಿಗೆಯ ನೀರು ಕೈಮೇಲೆ ಸುರಿದುಕೊಂಡ. "ನಂದಾತು," ಅಂದ.

ಅವತ್ತಿನಿಂದ ಎರಡು ಹೊತ್ತೂ ಅದೇ. ಏನೂ ಮುಟ್ಟದ ಕೈಯನ್ನು ತೊಳೆಯುವುದು, ಅವಳು ಒಳಗೆ ಹೋಗಿ ಉಣ್ಣುವುದು. ಇಲ್ಲೇ ಎದುರಿಗೆ ಕೂತು ಉಣ್ಣು ಅಂತ ಎಷ್ಟೋ ಸಲ ಹೇಳಿದ. ಬಾಯಿ ಕಟ್ಟಿದವನ ಮುಂದೆ ಕೂತು ಬಾಯಾಡಿಸಲು ನಾನೇನು ದನವೇ ಅಂತ ಅವಳು ಜಗಳ ತೆಗೆದಳು.

ಹೀಗಿರುವಾಗ ಬೆಳೆ ಔಷಧಿ ಕಂಪನಿಯ ಟೂರು ಬಂತು. ಚೆನ್ನಾಗಿ ವ್ಯಾಪಾರ ಮಾಡಿದ ಅಂಗಡಿಯವರನ್ನು ಕಂಪನಿಯವರು ಒಂದು ವರ್ಷ ಬ್ಯಾಂಕಾಕಿಗೆ, ಒಂದು ವರ್ಷ ದುಬೈಗೆ ಒಯ್ಯುತ್ತಿದ್ದರು. ಈ ಸಲ ಹಡಗು, ಗಂಡ ಹೆಂಡತಿ ಇಬ್ಬರಿಗೂ. ಸೋಮವಾರ ಸಂಜೆ ಮುಂಬೈ ಬಿಟ್ಟು, ಗೋವಾ, ಲಕ್ಷದ್ವೀಪ ತೋರಿಸಿ ಶನಿವಾರ ಬೆಳಿಗ್ಗೆ ತಿರುಗಿ ಮುಂಬೈ. ನಾಗರತ್ನಾ ಬೇಡವೇ ಬೇಡ ಅಂದಳು. ಚನ್ನವೀರ ಹೋಗೋಣ ಅಂದ. ನಳಿಗೆ ಇದ್ದವರೂ ಹೋಗಬಹುದು ಅಂತ ಡಾಕ್ಟರೂ ಅಂದರು. ಒಲ್ಲದ ಮನಸ್ಸಿನಿಂದ ಅವಳು ಹೂಂ ಅಂದಳು.

ಬುಕಿಂಗ್ ನೋಡುವ ಹುಡುಗಿ ನಿಗಾರ್, ರಾಯಚೂರಿನ ಸ್ಟೇಷನ್ ರೋಡಿನಲ್ಲಿ ಒಂದು ಟ್ರಾವೆಲ್ಸ್ ಆಫೀಸಿನವಳು. ಮಾತು ಹೆಚ್ಚು, ಕೆಲಸ ಚೊಕ್ಕ. ಒಂದು ಬೆಳಿಗ್ಗೆ ಫೋನು ಮಾಡಿದಳು. ಹಡಗಿನಲ್ಲಿ ದೊಡ್ಡ ಊಟದ ಹಾಲ್ ಇದೆ, ಅಲ್ಲಿ ಯಾವಾಗ ಹೋದರೂ ಊಟ. ಅದು ಬಿಟ್ಟು ಸ್ಪೆಷಾಲಿಟಿ ರೆಸ್ಟೋರೆಂಟು ಅಂತ ಚಿಕ್ಕವು ಬೇರೆ ಇವೆ, ಚೈನೀಸ್ ಒಂದು, ಇಟಾಲಿಯನ್ ಒಂದು. ಅಲ್ಲಿ ಟೇಬಲ್ಲು ಕಡಿಮೆ, ಮೊದಲೇ ಹಿಡಿದಿಡಬೇಕು. ಕಂಪನಿ ಎರಡು ರಾತ್ರಿಯ ಊಟ ಕೊಟ್ಟಿದೆ. ಯಾವ ಯಾವ ರಾತ್ರಿ ಬೇಕು ಹೇಳಿ ಅಂದಳು.

ಅವಳೇ ರಾತ್ರಿಗಳನ್ನು ಬಿಡಿಸಿ ಇಟ್ಟಳು. ಸೋಮವಾರ ಮೊದಲ ರಾತ್ರಿ, ಜನ ಹಡಗು ನೋಡುತ್ತಾ ತಿರುಗಾಡುತ್ತಾರೆ, ಈ ಹೋಟೆಲುಗಳು ಖಾಲಿ ಇರುತ್ತವೆ. ಮಂಗಳವಾರ ಕಂಪನಿಯದೇ ಕಾರ್ಯಕ್ರಮ. ಬುಧವಾರ ಗೋವಾ ಸುತ್ತಿ ದಣಿದಿರುತ್ತಾರೆ. ಗುರುವಾರ ಎಲ್ಲರೂ ಕೇಳುವ ರಾತ್ರಿ. ಶುಕ್ರವಾರ ಬ್ಯಾಗು ಕಟ್ಟುವ ರಾತ್ರಿ.

ಸೋಮವಾರ ಅಂದ ಕೂಡಲೇ ಅವತ್ತು ನನ್ನ ಉಪವಾಸ ಅಂತ ನಾಗರತ್ನಾ ತಡೆದಳು. ಸೋಮವಾರ ಅವಳದು ವಾರ. ಮದುವೆಯಾದಾಗಿನಿಂದ ಒಪ್ಪತ್ತು ಮಾಡುತ್ತಿದ್ದವಳು, ಆಪರೇಷನ್ ಆದ ಮೇಲೆ ಇಡೀ ದಿನ ನೀರಿನ ಮೇಲೇ ಇರುತ್ತಿದ್ದಳು, ಮರುದಿನ ಲಿಂಗಪೂಜೆ ಆಗುವವರೆಗೂ. ಗಂಡನ ಜೀವ ಆ ಸೋಮವಾರಗಳಿಗೆ ಗಂಟು ಹಾಕಿಕೊಂಡು ನಿಂತಿದೆ ಅಂತ ಅವಳ ನಂಬಿಕೆ. ಯಾರ ಮುಂದೆಯೂ ಹೇಳಿದವಳಲ್ಲ.

ಫೋನು ಸ್ಪೀಕರಿನಲ್ಲಿತ್ತು. ಚನ್ನವೀರ ಪಕ್ಕದಲ್ಲೇ ಕೂತು ಕೇಳುತ್ತಿದ್ದ. ಬುಧವಾರ ಚೈನೀಸ್, ಗುರುವಾರ ಇಟಾಲಿಯನ್ ಅಂದ. ನಾಗರತ್ನಾಗೆ ಅಕ್ಷರಕ್ಷರ ತಿಳಿಯಿತು. ನಿಗಾರ್‌ಗೆ ಬರೀ ಸದ್ದು ಕೇಳಿಸಿತು.

"ಸಾಹುಕಾರ್ರು ಏನಂದ್ರು ಅಮ್ಮಾ?"

"ಯಾವುದೂ ಬ್ಯಾಡ ಅಂತಾರವ್ವಾ. ದೊಡ್ಡ ಹಾಲ್‌ನ್ಯಾಗ ಆಗ್ತದಂತ."

ಫೋನು ಇಟ್ಟಳು. ಗಂಡನ ಮುಖ ನೋಡುವ ಧೈರ್ಯ ಆಗಲಿಲ್ಲ. ಅವನು ಸಿಟ್ಟು ಮಾಡಲಿಲ್ಲ. ಮೊಬೈಲಿನಲ್ಲಿ ಟೈಪ್ ಮಾಡಿ ತಾನೇ ಆ ಹುಡುಗಿಗೆ ಕಳಿಸಬಹುದಿತ್ತು, ಅದನ್ನೂ ಮಾಡಲಿಲ್ಲ. ಎದ್ದು ಹೋಗಿ ಅಂಗಡಿಯಲ್ಲಿ ಕೂತ. ಆಮೇಲೆ ಅವಳ ಜೊತೆ ಮಾತು ಬಿಟ್ಟ. ಬೇಕಾದ್ದನ್ನು ಬಿಲ್ಲಿನ ಚೀಟಿಯ ಹಿಂದೆ ಬರೆದು ತೋರಿಸುವುದು, ತಾಯಣ್ಣನಿಗೂ ಹಾಗೇ, ಹೆಂಡತಿಗೂ ಹಾಗೇ. ಉಳಿದಿದ್ದೇ ನಾಲ್ಕು ಮಾತು, ಅವನ್ನು ತಿಳಿಯುವವಳು ಒಬ್ಬಳೇ, ಅವಳೇ ತಿರುಚಿ ಹೇಳಿದರೆ ಯಾವನು ಮಾತಾಡುತ್ತಾನೆ?

ಆದರೆ ಹೊತ್ತಿಗೆ ಸರಿಯಾಗಿ ಬಂದು ಗಂಗಾಳದಲ್ಲಿ ಕೈ ತೊಳೆಯುವುದನ್ನು ಬಿಡಲಿಲ್ಲ. ಮಾತು ನಿಂತಿತು, ನೀರು ನಿಲ್ಲಲಿಲ್ಲ. ನಾಗರತ್ನಾಗೆ ಚುಚ್ಚಿದ್ದು ಅದೇ. ನೀರಿನ ಸದ್ದು ಕೇಳಿ ಗಂಗಾಳಕ್ಕೆ ಹಾಕಿಕೊಂಡರೂ ಅರ್ಧ ರೊಟ್ಟಿ ಹಾಗೇ ಎತ್ತಿಡುತ್ತಿದ್ದಳು.

ಒಂದು ವಾರ ತಡೆದಳು. ಆಮೇಲೆ ಸಿರಿಂಜಿನ ಕೆಲಸ ತಾಯಣ್ಣನಿಗೆ ಒಪ್ಪಿಸಿ, ಅವ್ವನಿಗೆ ಹುಷಾರಿಲ್ಲ ಅಂತ ಸುಳ್ಳು ಹೇಳಿ ಮಾನ್ವಿಗೆ ತವರಿಗೆ ಹೋದಳು. ಅವ್ವ ಬಸವಂತಮ್ಮ ಹುಷಾರಾಗಿಯೇ ಇದ್ದಳು. ಹಲ್ಲು ಉದುರಿದ್ದವು, ಬಾಯಿ ಗಟ್ಟಿಯಿತ್ತು. ಮಗಳಿಗೆ ಸಜ್ಜೆ ರೊಟ್ಟಿ ಹಾಕಿ ಎದುರಿಗೆ ಕೂತಳು. ನಾಗರತ್ನಾ ಅಳುತ್ತಾ ಎಲ್ಲ ಹೇಳಿದಳು, ಎದುರಿಗೆ ಕೂತು ಉಣ್ಣಲು ಆಗದ್ದು, ಫೋನಿನಲ್ಲಿ ಆಡಿದ ಸುಳ್ಳು, ಎಲ್ಲ. ಮುದುಕಿ ಸಮಾಧಾನ ಮಾಡುತ್ತಾಳೆ ಅಂತ ಅಂದುಕೊಂಡಿದ್ದಳು.

"ಉಣ್ಣೂದನ್ನ ರೋಗ ಕಸಗೊಂಡದ," ಅಂದಳು ಬಸವಂತಮ್ಮ. "ನೋಡೂದನ್ನ ನೀ ಯಾಕ ಕಸಗೊಂಡಿಬೇ?"

"ನೋಡಿ ಏನು ಮಾಡ್ತಾರ ಯವ್ವಾ? ಹೊಟ್ಟಿ ಉರಿಯಂಗಿಲ್ಲೇನು?"

"ನೀ ಹುಟ್ಟಿದಾಗ ನಂಗ ಜ್ವರ ಬಂದು ಬಾಯಿಗೆ ಏನೂ ಸೇರ್ತಿದ್ದಿಲ್ಲ. ನೀ ಹಾಲು ಕುಡಿಯೂದು ನೋಡಿನೇ ನಾ ಬದುಕಿದ್ದು. ಉರೀಲಿಲ್ಲ ನಂಗೇನು. ಉಣ್ಣು ಮೊದ್ಲು, ರೊಟ್ಟಿ ಆರ್ತದ."

ಮರುದಿನ ನಾಗರತ್ನಾ ಮಾನ್ವಿಯಿಂದ ದೇವದುರ್ಗದ ಬಸ್ಸು ಹತ್ತಲಿಲ್ಲ, ರಾಯಚೂರಿನ ಬಸ್ಸು ಹತ್ತಿದಳು. ನಿಗಾರ್ ಮುಂದೆ ಹೋಗಿ ಕೂತು, ಎರಡು ರಾತ್ರಿ ಬೇಕು, ಬುಧವಾರ, ಗುರುವಾರ ಅಂದಳು. ನಿಗಾರ್ ಕಂಪ್ಯೂಟರ್ ನೋಡಿದಳು, ಮೋರೆ ಸಣ್ಣದು ಮಾಡಿದಳು. ಎರಡೂ ತುಂಬಿದ್ದವು. ಶುಕ್ರವಾರವೂ ತುಂಬಿತ್ತು. ಲಿಂಗಸುಗೂರಿನ ಅಂಗಡಿಯವರು, ಸಿಂಧನೂರಿನವರು, ಎಲ್ಲ ಹೋದ ವಾರವೇ ಹಿಡಿದುಬಿಟ್ಟಿದ್ದರು. ಕೇಳಿದಾಗಲೇ ಹೇಳಿದ್ದರೆ ಸಿಗುತ್ತಿತ್ತು. ಕಿಟಕಿ ಪಕ್ಕದ ಒಂದು ಟೇಬಲ್ಲು ಮಾತ್ರ ಉಳಿದಿತ್ತು, ಇಟಾಲಿಯನ್ನಿನಲ್ಲಿ, ಸೋಮವಾರ.

ನಿಗಾರ್ ಚಹಾ ತರಿಸಿದಳು, ಅದು ಆರಿತು. ಸೋಮವಾರ ಬಿಟ್ಟರೆ ಏನಾಗುತ್ತದೆ ಅಂತ ನಾಗರತ್ನಾ ಯೋಚಿಸುತ್ತಿದ್ದಳು. ಏನೂ ಆಗುವುದಿಲ್ಲ ಅಂತ ಹೇಳುವವರು ಸಾವಿರ ಜನ ಸಿಗುತ್ತಾರೆ. ಆದರೆ ಗಂಡ ಅವರವನಲ್ಲ, ಅವಳವನು.

"ಸೋಮವಾರ ನಿಮ್ದು ಉಪವಾಸ ಅಲ್ರೀ ಅಮ್ಮಾ? ಬಿಡ್ರಿ, ಯಾರಾರ ಕ್ಯಾನ್ಸಲ್ ಮಾಡಿದ್ರ ಫೋನ್ ಮಾಡ್ತೀನಿ."

"ಬ್ಯಾಡವ್ವಾ. ಸೋಮವಾರನ ಹಿಡಿ."

ದೇವದುರ್ಗಕ್ಕೆ ಬಂದಾಗ ಚನ್ನವೀರ ಅಂಗಡಿಯಲ್ಲಿ ಚೀಟಿ ಬರೆಯುತ್ತಿದ್ದ. ಟೇಬಲ್ಲು ಹಿಡಿದು ಬಂದೆ ಅಂದಳು. ಅವನು ತಲೆ ಎತ್ತಲಿಲ್ಲ. ಸೋಮವಾರ ಒಂದೇ ಸಿಕ್ಕಿತು ಅಂದಳು. ಪೆನ್ನು ನಿಂತಿತು.

"ನಿನ್ನ ವಾರ?" ಅಂದ. ಅಷ್ಟು ದಿನಗಳ ಮೇಲೆ ಬಂದ ಮೊದಲ ಮಾತು.

"ಅದು ಹಿಡಿದಿದ್ದೂ ನಿಮಗಂತನ, ಬಿಡೂದೂ ನಿಮಗಂತನ. ನಡೀರಿ, ಗಂಜಿ ಹೊತ್ತಾತು."

ತಾಯಣ್ಣನಿಗೆ ಗಂಡನ ಮಾತು ತಿಳಿಯಲಿಲ್ಲ, ಹೆಂಡತಿಯದು ತಿಳಿಯಿತು. ಗೊಬ್ಬರದ ಚೀಲ ಎಣಿಸುವ ನೆಪ ಮಾಡಿ ಗೋದಾಮಿಗೆ ಹೋದ.

ಹಡಗನ್ನು ಬಣ್ಣಿಸುವುದು ಬೇಡ, ಫೋನಿನಲ್ಲಿ ಎಲ್ಲರೂ ನೋಡಿದ್ದಾರೆ. ಸೋಮವಾರ ಸಂಜೆ ದಂಡೆಯ ದೀಪಗಳು ಹಿಂದೆ ಸರಿಯುತ್ತಿದ್ದವು. ಜನವೆಲ್ಲ ಮೇಲಿನ ಮಹಡಿಯಲ್ಲಿ ಫೋಟೋ ಹೊಡೆದುಕೊಳ್ಳುತ್ತಿದ್ದರು. ನಿಗಾರ್ ಹೇಳಿದಂತೆಯೇ ಆ ಚಿಕ್ಕ ಹೋಟೆಲು ಖಾಲಿ. ಇಳಕಲ್ ಸೀರೆ ಉಟ್ಟ ನಾಗರತ್ನಾ, ಕುತ್ತಿಗೆಗೆ ಮಫ್ಲರ್ ಸುತ್ತಿದ ಚನ್ನವೀರ, ಕಿಟಕಿ ಪಕ್ಕ ಎದುರುಬದುರು ಕೂತರು. ಮದುವೆಯಾದ ಇಷ್ಟು ವರ್ಷದಲ್ಲಿ ಒಂದೇ ಹೊತ್ತಿಗೆ ಊಟಕ್ಕೆ ಎದುರುಬದುರು ಕೂತದ್ದು ಅದೇ ಮೊದಲು. ಶಾಕಾಹಾರ ಅಂತ ನಿಗಾರ್ ಮೊದಲೇ ಬರೆಸಿದ್ದಳು. ವೇಟರು ಇಬ್ಬರ ಮುಂದೆಯೂ ತಟ್ಟೆ ಇಟ್ಟು ಅವಳಿಗೆ ಬಡಿಸಿದ. ಅವನ ತಟ್ಟೆಗೂ ಬಗ್ಗಿದಾಗ ಚನ್ನವೀರ ಕೈ ಅಡ್ಡ ಹಿಡಿದ.

ನಾಗರತ್ನಾ ಕಾಯುತ್ತಾ ಕೂತಳು. ರೂಢಿ. ನೀರಿನ ಗ್ಲಾಸು ಅವನ ಕೈಹತ್ತಿರವೇ ಇತ್ತು. ಅವನು ಮುಟ್ಟಲಿಲ್ಲ, ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡ.

"ಕೈ ತೊಳಕೋರಿ," ಅಂದಳು ಮೆಲ್ಲಗೆ.

"ಇವತ್ತು ನೀ ಮೊದ್ಲು."

ಅವಳು ಒಂದು ತುತ್ತು ಬಾಯಿಗಿಟ್ಟಳು. ಕಣ್ಣಲ್ಲಿ ನೀರು ಬಂತು, ಖಾರಕ್ಕಲ್ಲ, ಖಾರವೇ ಇರಲಿಲ್ಲ. ಹೆಂಗದ ಅಂತ ಕೇಳಿದ. ಗಿಣ್ಣ ಸುಟ್ಟು ಅದರ ಮೇಲೆ ಟೊಮೇಟೊ ಸಾರು ಸುರಿದ ಹಾಗೆ ಇದೆ ಅಂದಳು. ಆ ಶ್ಯಾವಿಗೆಯಂಥದು ಹೆಂಗದ ಅಂದ. ಅರ್ಧ ಬೆಂದಿದೆ, ನಮ್ಮ ಮನೆಯಲ್ಲಿ ಹೀಗೆ ಮಾಡಿದ್ದರೆ ನೀವು ಗಂಗಾಳ ಎತ್ತಿ ಹೊರಗೆ ಒಗೆಯುತ್ತಿದ್ದಿರಿ ಅಂದಳು. ಅವನು ನಕ್ಕ. ನಕ್ಕರೆ ಅವನ ಬಾಯಿಂದ ಜೊಲ್ಲು ಇಳಿಯುತ್ತಿತ್ತು, ಅದಕ್ಕೇ ನಗುವುದನ್ನು ಬಿಟ್ಟಿದ್ದ. ಅವಳು ಸೆರಗಿನಿಂದ ಒರೆಸಿದಳು. ಪ್ರತಿ ತುತ್ತನ್ನೂ ಕೇಳಿದ, ಪ್ರತಿ ತುತ್ತನ್ನೂ ಹೇಳಿದಳು. ಅವಳ ತುಟಿಯನ್ನೇ ನೋಡುತ್ತಿದ್ದ, ಹಸಿದವನ ನೋಟವಲ್ಲ ಅದು. ಅಷ್ಟೂ ದಿನ ಗೋಡೆ ಕಡೆ ತಿರುಗಿ ತಾನು ಏನನ್ನು ಮುಚ್ಚಿಡುತ್ತಿದ್ದೆ ಅಂತ ನಾಗರತ್ನಾಗೆ ಆಗ ತಿಳಿಯಿತು.

ಉಂಡಾದ ಮೇಲೆ ಗ್ಲಾಸು ಎತ್ತಿ ಆ ಬಿಳಿ ತಟ್ಟೆಯಲ್ಲೇ ಕೈ ತೊಳೆದಳು. ವೇಟರು ಗಾಬರಿಯಾಗಿ ಟಿಶ್ಯೂ ಹಿಡಿದು ಓಡಿ ಬಂದ.

"ನಂದಾತ್ರೀ," ಅಂದಳು ಗಂಡನಿಗೆ.

ರೂಮಿಗೆ ಹೋದ ಮೇಲೆ ಅವನು ತನ್ನ ಗಂಜಿ ತೆಗೆದುಕೊಂಡ.

ಊರಿಗೆ ಬಂದ ಮೇಲೂ ಅದೇ ಕ್ರಮ ನಿಂತಿತು. ಅವನ ಎದುರಿಗೆ ಕೂತು ಅವಳು ಉಣ್ಣುವುದು, ಕೈ ತೊಳೆದು ನಂದಾತ್ರೀ ಅನ್ನುವುದು, ಆಮೇಲೇ ಅವನ ಸಿರಿಂಜು. ಅವಳು ಸರಿಯಾಗಿ ಉಣ್ಣದೆ ಎದ್ದರೆ ಅವನು ನಳಿಗೆಯ ಮುಚ್ಚಳ ತೆಗೆಯಲು ಬಿಡುತ್ತಿರಲಿಲ್ಲ.

ಶಿವರಾತ್ರಿ ಕಳೆದು ಬಿಸಿಲು ಏರುವ ಹೊತ್ತಿಗೆ ಚನ್ನವೀರ ಹೋದ. ರೋಗ ತಿರುಗಿ ಬಂದಿತ್ತು. ವಾರ ಮುರಿದು ಹಡಗಿನಲ್ಲಿ ಉಂಡು ಬಂದಳು, ಅದಕ್ಕೇ ಹೀಗಾಯಿತು ಅಂತ ಓಣಿಯ ಹೆಂಗಸರು ಆಡಿಕೊಂಡರು. ರೋಗ ವಾರ ನೋಡಿಕೊಂಡು ಬರುವುದಿಲ್ಲ. ಹಡಗಿಗೆ ಹೋಗುವ ಮೊದಲೇ ಗಂಟು ಮತ್ತೆ ಕಂಡಿತ್ತು, ಹೆಂಡತಿಗೆ ಹೇಳಬೇಡಿ ಅಂತ ಅವನೇ ಡಾಕ್ಟರಿಗೆ ಬರೆದು ತೋರಿಸಿದ್ದ. ಇದು ಮಣ್ಣಾದ ಮೇಲೆ ನಾಗರತ್ನಾಗೆ ಗೊತ್ತಾಯಿತು. ಗೊತ್ತಾದರೂ ಒಂದೊಂದು ಸಲ ಆ ಸೋಮವಾರವನ್ನೇ ಹಿಡಿದು ಅಳುತ್ತಾಳೆ. ಈಗ ವಾರ ಮಾಡುವುದಿಲ್ಲ. ಯಾಕೆ ಬಿಟ್ಟೆ ಅಂದರೆ, "ಯಾರಿಗಂತ ಹಿಡೀಲಿ?" ಅನ್ನುತ್ತಾಳೆ.

ಅಂಗಡಿ ತಾಯಣ್ಣ ನಡೆಸುತ್ತಾನೆ. ಮಧ್ಯಾಹ್ನ ಅವಳು ನಡುಮನೆಯಲ್ಲಿ, ಅವನು ಕೂರುತ್ತಿದ್ದ ಜಾಗದ ಎದುರಿಗೆ ಗಂಗಾಳ ಇಟ್ಟುಕೊಂಡು ಉಣ್ಣುತ್ತಾಳೆ. ಗೋಡೆ ಕಡೆ ತಿರುಗುವುದಿಲ್ಲ. ಮೊನ್ನೆ ಉಂಡಾದ ಮೇಲೆ ಕೈಮೇಲೆ ನೀರು ಸುರಿದುಕೊಂಡವಳು, ನಂದಾತ್ರೀ ಅಂದುಬಿಟ್ಟಳು. ಅಂದ ಮೇಲೆ ಏಳಲಾಗಲಿಲ್ಲ. ಅವಳದು ಆಗಲಿ ಅಂತ ಕಾಯುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ತೊಳೆದ ಕೈ ಆರುವವರೆಗೂ ಅಲ್ಲೇ ಕೂತಿದ್ದಳು.