ಅಳತೆ ಪುಸ್ತಕದಲ್ಲಿದ್ದ ಫೋನ್ ನಂಬರು

ನೀವೇ ಹೇಳಿ, ನಾನು ಮಾಡಿದ್ದು ತಪ್ಪಾ? ಆವತ್ತು ನನಗಂತೂ ತಲೆಬುಡ ಅರ್ಥ ಆಗ್ಲಿಲ್ಲ.

ನಾನು ಟೈಲರ್. ಸೊಂಟಕ್ಕೆ ಟೇಪು ಸುತ್ತಿದ್ರೆ ಸಾಕು, ಜನ ಮನಸ್ಸಲ್ಲಿದ್ದದ್ದೆಲ್ಲಾ ಹೇಳ್ಕೊಂಡ್ಬಿಡ್ತಾರೆ. ಹಿಂದಿನ ಬೀದಿ ಟೀಚರಮ್ಮನೂ ಹಾಗೇ. "ಮನೆ ಮಾರೋಣ ಅಂತಿದೀನಿ ಕಣಮ್ಮಾ. ನಮ್ಮಮ್ಮಂಗೆ ಇನ್ನೂ ಹೇಳಿಲ್ಲ. ಹೇಗೆ ಹೇಳೋದೋ!" ಅಂದ್ರು.

ಅದೇ ವಾರ ಮನೆ ಬ್ರೋಕರ್ ಅಂಗಡಿಗೆ ಬಂದ. "ಅಕ್ಕಾ, ಮನೆ ಮಾರೋರು ಯಾರಾದ್ರೂ ಇದ್ರೆ ನಂಬರು ಕೊಡಿ. ಒಂದೊಂದು ಹೆಸರಿಗೆ ಇಷ್ಟು ಅಂತ ಕೊಡ್ತೀನಿ, ವ್ಯಾಪಾರ ಆದ್ರೆ ಇನ್ನಷ್ಟು."

ನನ್ನ ಅಳತೆ ಪುಸ್ತಕದಲ್ಲಿ ಎದೆ, ಸೊಂಟ, ಉದ್ದ, ಅದರ ಕೆಳಗೆ ಹೆಸರು, ಮನೆ ವಿಳಾಸ, ಫೋನ್ ನಂಬರು. ಟೀಚರಮ್ಮನ ಪುಟ ತೆಗೆದು ತೋರಿಸ್ದೆ. ಅವನು ಇಡೀ ಪುಟದ ಫೋಟೋ ಹೊಡ್ಕೊಂಡು, ನೋಟು ಕೈಗಿಟ್ಟು ಹೋದ.

ಮೂರನೇ ದಿನ ಟೀಚರಮ್ಮ ಬಂದ್ರು. ಅತ್ತು ಅತ್ತು ಕಣ್ಣು ಕೆಂಪಗಾಗಿತ್ತು.

"ಬ್ರೋಕರ್ ಮನೆಗೇ ಬಂದಿದ್ದ. ಬಾಗಿಲು ತೆಗೆದದ್ದು ಅಮ್ಮ. 'ಅಜ್ಜೀ, ಮನೆ ಮಾರ್ತೀರಂತೆ' ಅಂದನಂತೆ. ಅಮ್ಮ ನನ್ನ ಹತ್ರ ಮಾತೇ ಬಿಟ್ಟಿದ್ದಾರೆ. ನಾನು ಹೇಳಿದ್ದು ನಿನಗೊಬ್ಬಳಿಗೇ."

ಮನೆಗೆ ಹೋಗಿ ಹೇಳಿದ್ರೆ ನಮ್ಮೆಜಮಾನ್ರು, "ಅಯ್ಯೋ, ಗಿರಾಕಿ ಸಿಕ್ಕಿದ್ರೆ ಅವರಿಗೂ ಲಾಭ ತಾನೇ? ಎಲ್ಲರೂ ತಗೋತಾರೆ ಬಿಡೇ" ಅಂದ್ರು. ಹೌದಲ್ಲ ಅನ್ನಿಸ್ತು. ಮತ್ತೆ ಟೀಚರಮ್ಮನ ಮುಖ ನೆನಪಾಗಿ, ಅಲ್ಲ ಅನ್ನಿಸ್ತು.

ನಮ್ಮ ನಾದಿನಿ ನೋಂದಣಿ ಕಚೇರೀಲಿ ಕೆಲಸ ಮಾಡ್ತಾಳೆ. ಅವಳನ್ನ ಕರೆಸಿದೆ.

"ಅತ್ತಿಗೆ, ಗಿರಾಕಿ ತೋರಿಸಿಕೊಟ್ಟು ದುಡ್ಡು ತಗೊಳ್ಳೋದು ಎಲ್ಲಾ ಕಡೆ ತಪ್ಪಲ್ಲ. ಕೆಲವು ಕಡೆ ಲೈಸೆನ್ಸು ಬೇಕು, ಮೊದಲು ವಿಚಾರಿಸ್ಬೇಕು. ಆದ್ರೆ ಆ ನಂಬರು ನಿಮ್ಮದಾ?"

"ನನ್ನ ಪುಸ್ತಕದಲ್ಲಿತ್ತಲ್ಲೇ!"

"ಬಟ್ಟೆ ರೆಡಿಯಾದ್ರೆ ತಿಳಿಸಲಿ ಅಂತ ಕೊಟ್ಟದ್ದು. ಬ್ರೋಕರ್‌ಗೆ ಕೊಡ್ಲಾ ಅಂತ ಅವರನ್ನ ಕೇಳಿದ್ರಾ? ನನಗಿಷ್ಟು ಸಿಗುತ್ತೆ ಅಂತ ಹೇಳಿದ್ರಾ? ಎಷ್ಟು, ಯಾವಾಗ ಅಂತ ಬ್ರೋಕರ್ ಹತ್ರ ಬರೆಸ್ಕೊಂಡ್ರಾ? ಆ ದುಡ್ಡಿನ ಹೊರೆ ಕೊನೆಗೆ ಮಾರೋರ ಮೇಲೆ ಬೀಳುತ್ತಾ, ಕೊಳ್ಳೋರ ಮೇಲಾ, ಅದಾದ್ರೂ ಗೊತ್ತಾ?"

ಬ್ರೋಕರ್ ಕೊಟ್ಟಿದ್ದ ನೋಟು ತೆಗೆದು ಮೇಜಿನ ಮೇಲಿಟ್ಟೆ. ಯಜಮಾನ್ರು ತಲೆ ಕೆರ್ಕೊಂಡು, "ನಡಿಯೇ, ಮೊದಲು ಅವನ ದುಡ್ಡು ಅವನ ಕೈಗೇ ಕೊಟ್ಟು ಬರೋಣ" ಅಂದ್ರು.

ಕೊಟ್ವಿ. ಫೋಟೋ ಅಳಿಸಯ್ಯಾ ಅಂದೆ, ಅಳಿಸ್ದ. ಅಷ್ಟರಲ್ಲಿ ಅದು ಇನ್ನೆಷ್ಟು ಜನರ ಫೋನಿಗೆ ಹೋಗಿತ್ತೋ, ಯಾರಿಗ್ಗೊತ್ತು.

ಮೊನ್ನೆ ಟೀಚರಮ್ಮ ಬಂದ್ರು. ತಪ್ಪಾಯ್ತು ಅಂದೆ. "ಆಯ್ತು ಬಿಡು" ಅಂದ್ರು. ಟೇಪು ಸುತ್ತಿದೆ. ಗೋಡೆ ನೋಡ್ತಾ ನಿಂತ್ರು, ಒಂದು ಮಾತೂ ಆಡ್ಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಹೆಸರಿಗಿಷ್ಟು ಕೊಡ್ತೀನಿ ಅಂತ ಯಾರಾದ್ರೂ ಬಂದ್ರೆ, ಮೊದಲು ಆ ಹೆಸರಿನವರ ಬಾಗಿಲು ತಟ್ಟಿ. ನಿಮಗೇನು ಸಿಗುತ್ತೆ ಅಂತ ಬಾಯಿ ಬಿಟ್ಟು ಹೇಳಿ. ಅವರು ಹೂಂ ಅಂದ್ರೆ ಕಾಗದದ ಮೇಲೆ ಬರೆಸ್ಕೊಳ್ಳಿ. ಬೇಡ ಅಂದ್ರೆ, ಪುಸ್ತಕ ಮುಚ್ಚಿಡಿ.